ಗ್ಯಾರೇಜಿನಿಂದ ಜಗಜ್ಜೇತರಾದ ಫಾಂಜಿಯೊ

ಮೋಟಾರ್ ಪಂದ್ಯಗಳ ಇತಿಹಾಸದಲ್ಲಿ ಹ್ವಾನ್ ಮಾನುಯೆಲ್ ಫಾಂಜಿಯೊ ಅವರ ಹೆಸರು ಚಿರಸ್ಥಾಯಿಯಾದುದು. ಇಟಲಿಯಿಂದ ವಲಸೆ ಬಂದ ಕಲ್ಲುಕೆಲಸಗಾರರೊಬ್ಬರ ಮಗನಾಗಿ ಅವರು 1911ರಲ್ಲಿ ಅರ್ಜೆಂಟೀನಾದ ಬಾಲ್ಕಾರ್ಸೆಯಲ್ಲಿ ಜನಿಸಿದರು. ಎಳೆಯ ವಯಸ್ಸಿನಲ್ಲೇ ಶಾಲೆ ಬಿಟ್ಟು ಗ್ಯಾರೇಜು ಸೇರಿದರು. ಎಂಜಿನ್ನನ್ನು ಬಿಚ್ಚಿ ಜೋಡಿಸುತ್ತ ಕಲಿತುದೇ ಅವರ ವಿದ್ಯೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಅಕ್ಷರ ಬಾರದಿದ್ದರೂ ಹಿಡಿ ಮಣ್ಣು ಮುಟ್ಟಿ ಬಿತ್ತನೆಯ ಹದ ಹೇಳುವ ತಂದೆಯವರನ್ನು ಬಲ್ಲ ನನಗೆ ಈ ವಿದ್ಯೆ ಕಿರಿದೆನಿಸಲಿಲ್ಲ.

1951ರಲ್ಲಿ ಒಮ್ಮೆ, 1954ರಿಂದ 1957ರವರೆಗೆ ಸತತವಾಗಿ ನಾಲ್ಕು ಸಲ ಅವರು ವಿಶ್ವ ಚಾಂಪಿಯನ್ ಆದರು. ಅವರು ಓಡಿಸಿದ ಕಾರುಗಳಲ್ಲಿ ಮಾಸೆರಾಟಿ 250ಎಫ್ ಚಾಲಕರ ಅಚ್ಚುಮೆಚ್ಚಿನದು. ಅದಕ್ಕಿಂತ ಬಲಶಾಲಿಯಾದ ಕಾರುಗಳು ಇದ್ದುವು. ಆದರೆ ತಿರುವಿನಲ್ಲಿ ನಾಲ್ಕೂ ಚಕ್ರಗಳು ಜಾರುತ್ತಿರುವಾಗಲೂ ಆಕ್ಸಿಲರೇಟರನ್ನು ಒತ್ತಿಯೋ ಸಡಿಲಿಸಿಯೋ ಇದರ ದಿಕ್ಕನ್ನು ತಿದ್ದಬಹುದಾಗಿತ್ತು; ಪಳಗಿದ ಎತ್ತಿನಂತೆ ಅದು ಮಾತು ಕೇಳುತ್ತಿತ್ತು.

1957ರ ಆಗಸ್ಟ್ 4ರಂದು ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ 22 ಸುತ್ತುಗಳ ಪಂದ್ಯ. ಇಂಧನಕ್ಕೂ ಟೈರಿಗೂ ನಡುವೆ ನಿಂತ 46 ವರ್ಷದ ಫಾಂಜಿಯೊ ಎರಡು ಫೆರಾರಿಗಳಿಗಿಂತ ಬಹಳ ಹಿಂದೆ ಬಿದ್ದರು. ಆಮೇಲೆ ದಾಖಲೆಯ ಮೇಲೆ ದಾಖಲೆ ಮುರಿದು, 21ನೆಯ ಸುತ್ತಿನಲ್ಲಿ ಎರಡನ್ನೂ ಹಿಂದಿಕ್ಕಿ ಗೆದ್ದರು. 1958ರಲ್ಲಿ ನಿವೃತ್ತರಾಗಿ, 1995ರಲ್ಲಿ ದಿವಂಗತರಾದರು.

ಸಹಪಾಠಿಗಳೇ, ಪದವಿಪತ್ರ ಕೈಸೇರಿದೊಡನೆ ಕೈಕಸುಬನ್ನು ಕೀಳೆಣಿಸುವ ಮುನ್ನ ಈ ಗ್ಯಾರೇಜಿನ ಹುಡುಗನನ್ನು ನೆನೆಯೋಣ.