ಪಾದ್ರಿಯಾಗಲು ಒಲ್ಲದ ಮಿಷನರಿ

ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದದ್ದು 1933ರಲ್ಲಿ. ಅದಕ್ಕೂ 86 ವರ್ಷ ಮುಂಚೆ, 1847ರಲ್ಲಿ, ಶ್ರೀರಂಗಪಟ್ಟಣದ ಸಮೀಪದ ಪಾಲಹಳ್ಳಿಯಲ್ಲಿ ರೈತರ ಬೆಲ್ಲವನ್ನು ಶುದ್ಧೀಕರಿಸಿ ಸಕ್ಕರೆ ಮಾಡುವ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಆರಂಭವಾಗಿತ್ತು. ಅದನ್ನು ಕಟ್ಟಿದವರು ಗ್ರೋವ್ಸ್ ಕಂಪನಿಯವರು. ನಮ್ಮ ಉದ್ಯಮಗಳ ಚರಿತ್ರೆಯಲ್ಲಿ ಈ ಹೆಸರಿಗೆ ಒಂದೆರಡು ಸಾಲಿಗಿಂತ ಹೆಚ್ಚಿನ ಜಾಗ ಸಿಕ್ಕಿಲ್ಲ. ಆದರೆ ಆ ಕಂಪನಿಯನ್ನು ನಡೆಸಿದ ಸೋದರರ ತಂದೆ ಆಂಟನಿ ನಾರಿಸ್ ಗ್ರೋವ್ಸ್ ಕ್ರೈಸ್ತ ಧರ್ಮದ ಇತಿಹಾಸದಲ್ಲಿ ಪ್ರಸಿದ್ಧನಾಗಿರುವುದು ತೀರಾ ಬೇರೆಯಾದ ಕಾರಣಕ್ಕೆ. ಯೇಸುವಿನ ಮೊದಲ ಶಿಷ್ಯರು ಬದುಕಿದಂತೆ ಬದುಕಲು ಸಾಧ್ಯವೇ ಎಂಬ ಪ್ರಶ್ನೆಯನ್ನು ಆತ ತನ್ನ ಮೇಲೆಯೇ ಪ್ರಯೋಗಿಸಿ ನೋಡಿದ.

ಇಂಗ್ಲೆಂಡಿನ ಹ್ಯಾಂಪ್‌ಷೈರಿನಲ್ಲಿ 1795ರಲ್ಲಿ ಹುಟ್ಟಿದ ಗ್ರೋವ್ಸ್ ವೃತ್ತಿಯಿಂದ ದಂತವೈದ್ಯ. ಪ್ಲಿಮತ್ ಮತ್ತು ಎಕ್ಸೆಟರ್ ನಗರಗಳಲ್ಲಿ ಅವನಿಗೆ ಒಳ್ಳೆಯ ಹೆಸರು, ಒಳ್ಳೆಯ ವರಮಾನ ಎರಡೂ ಇದ್ದವು. ಸಂಪತ್ತನ್ನು ಕೂಡಿಡಬಾರದೆಂಬ ಬೈಬಲ್ಲಿನ ಬೋಧನೆಯನ್ನು ಅಕ್ಷರಶಃ ಪಾಲಿಸಬೇಕೆಂದು ವಾದಿಸುವ ಕಿರುಹೊತ್ತಗೆಯೊಂದನ್ನು 1825ರಲ್ಲಿ ಪ್ರಕಟಿಸಿದ. ಬರೆದು ಸುಮ್ಮನಾಗಲಿಲ್ಲ, ವೃತ್ತಿಯನ್ನೂ ಆಸ್ತಿಯನ್ನೂ ಬಿಟ್ಟು ಮಿಷನರಿಯಾಗಲು ಹೊರಟ.

ಅಲ್ಲಿ ಅವನಿಗೆ ಎದುರಾದದ್ದು ಆಂಗ್ಲಿಕನ್ ಸಭೆಯ ಕಟ್ಟಳೆ. ಗುರುದೀಕ್ಷೆ ಪಡೆಯದವನು ಕರ್ತನ ಭೋಜನದ ಸಂಸ್ಕಾರವನ್ನು ನಡೆಸುವಂತಿಲ್ಲ ಎಂದು ಮಿಷನ್ ಸಂಸ್ಥೆ ತಿಳಿಸಿತು. ದೀಕ್ಷೆಗಾಗಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಓದಲು ತೊಡಗಿದ್ದ ಗ್ರೋವ್ಸ್, ಅಪೊಸ್ತಲರ ಕಾಲದಲ್ಲಿ ಇಂಥ ನಿಯಮವೆಲ್ಲಿತ್ತು ಎಂದು ಯೋಚಿಸಿದ. ಆ ಕಾಲದ ವಿಶ್ವಾಸಿಗಳು ಮನೆಗಳಲ್ಲಿ ಕೂಡಿ ಪ್ರಾರ್ಥಿಸುತ್ತಿದ್ದರು, ರೊಟ್ಟಿ ಮುರಿದು ಹಂಚಿಕೊಳ್ಳುತ್ತಿದ್ದರು. ಹಾಗಿದ್ದ ಮೇಲೆ ಈಗಲೂ ಪಾದ್ರಿಯಿಲ್ಲದೆ ಕೂಡಬಹುದಲ್ಲವೇ? ಡಬ್ಲಿನ್ನಿನ ಗೆಳೆಯರ ಮುಂದೆ ಅವನಿಟ್ಟ ಈ ವಿಚಾರವೇ ಮುಂದೆ ಪ್ಲಿಮತ್ ಬ್ರದರನ್ ಎಂದು ಹೆಸರಾದ ಚಳವಳಿಯ ಬೀಜಗಳಲ್ಲಿ ಒಂದಾಯಿತು. ಅದೇ ಕಾಲದಲ್ಲಿ ಅಮೆರಿಕದಲ್ಲಿ ಅಲೆಕ್ಸಾಂಡರ್ ಕ್ಯಾಂಬೆಲ್ ಮತ್ತು ಬಾರ್ಟನ್ ಸ್ಟೋನ್ ಆದಿಸಭೆಯ ಮಾದರಿಗೆ ಮರಳುವ ಚಳವಳಿಯನ್ನು ಬೇರೆಯಾಗಿಯೇ ಕಟ್ಟುತ್ತಿದ್ದರು. ದೇವರಿಗೂ ಭಕ್ತನಿಗೂ ನಡುವೆ ಪೂಜಾರಿಯನ್ನು ಒಪ್ಪದ, ಕಾಯಕವನ್ನೇ ಪೂಜೆಯೆಂದು ಬಗೆದ ಶರಣರ ನಾಡಿನವರಾದ ನಮಗೆ ಈ ಹಂಬಲ ಅಪರಿಚಿತವೇನಲ್ಲ.

ಗ್ರೋವ್ಸ್ 1829ರಲ್ಲಿ ಯಾವ ಸಂಸ್ಥೆಯ ಸಂಬಳವೂ ಇಲ್ಲದೆ ಕುಟುಂಬಸಮೇತ ಬಾಗ್ದಾದಿಗೆ ಹೊರಟ. ರಷ್ಯಾದ ಮೂಲಕ ಸಾಗಿದ ಆ ಪಯಣ ತಿಂಗಳುಗಟ್ಟಲೆ ಹಿಡಿಯಿತು. 1831ರಲ್ಲಿ ಬಾಗ್ದಾದಿಗೆ ಪ್ಲೇಗು ಬಂತು, ಅದರ ಬೆನ್ನಿಗೇ ಟೈಗ್ರಿಸ್ ನದಿಯ ಪ್ರವಾಹ. ಹೆಂಡತಿ ಮೇರಿ ತೀರಿಕೊಂಡಳು. ಕೆಲವೇ ತಿಂಗಳಲ್ಲಿ ಹಸುಗೂಸೂ ಹೋಯಿತು. ಆದರೂ ಅವನು ಹಿಂದಿರುಗಲಿಲ್ಲ. 1833ರಲ್ಲಿ ಭಾರತಕ್ಕೆ ಬಂದ. ಮುಂದೆ ಗೋದಾವರಿಗೆ ಅಣೆಕಟ್ಟು ಕಟ್ಟಿ ಹೆಸರಾದ ಎಂಜಿನಿಯರ್ ಆರ್ಥರ್ ಕಾಟನ್ ಅವನನ್ನು ಇಲ್ಲಿಗೆ ಕರೆದಿದ್ದ.

ಇಲ್ಲಿಯೂ ಅವನು ಕಂಡದ್ದು ಅದೇ ಜಗಳ. ತಿರುನೆಲ್ವೇಲಿಯ ಜರ್ಮನ್ ಮಿಷನರಿ ರೇನಿಯಸ್, ತನ್ನ ತಮಿಳು ಬೋಧಕರಿಗೆ ಆಂಗ್ಲಿಕನ್ ಬಿಷಪ್ಪನ ದೀಕ್ಷೆಯೇ ಆಗಬೇಕೆಂಬುದನ್ನು ಒಪ್ಪದೆ ಸಂಸ್ಥೆಯಿಂದ ಹೊರಬಿದ್ದಿದ್ದ. ಗ್ರೋವ್ಸ್ ಅವನ ಪರ ನಿಂತ. ಇಂಗ್ಲೆಂಡಿನಲ್ಲಿ ಧರ್ಮಶಾಸ್ತ್ರದ ತರ್ಕವಾಗಿದ್ದ ಪ್ರಶ್ನೆ ಭಾರತದಲ್ಲಿ ಅಧಿಕಾರದ ಪ್ರಶ್ನೆಯಾಗಿತ್ತು. ದೀಕ್ಷೆ ಕೊಡುವ ಹಕ್ಕು ಪರದೇಶದ ಬಿಷಪ್ಪನಲ್ಲೇ ಉಳಿದರೆ ಇಲ್ಲಿಯ ವಿಶ್ವಾಸಿ ಎಂದೆಂದಿಗೂ ಆಶ್ರಿತನೇ. ಗ್ರೋವ್ಸನ ಒಡನಾಡಿಯಾದ ತಮಿಳು ಬೋಧಕ ಅರುಳಪ್ಪನ್ ಈ ಮಾತಿನ ತಿರುಳನ್ನು ಗ್ರಹಿಸಿದವನು. ಆತ ಮಿಷನ್ನಿನ ಸಂಬಳಕ್ಕೆ ಸೇರದೆ, ಸ್ಥಳೀಯರೇ ನಡೆಸುವ ಸಭೆಗಳನ್ನು ಮಧುರೆಯ ಸೀಮೆಯಲ್ಲಿ ಕಟ್ಟಿದ.

1836ರಲ್ಲಿ ಗ್ರೋವ್ಸ್ ಯುರೋಪಿನಿಂದ ಮರಳಿ ಬಂದಾಗ ಅವನ ತಂಡದಲ್ಲಿ ಮಕ್ಕಳಿಗೆ ಪಾಠ ಹೇಳಲೆಂದು ನೇಮಕವಾದ ತರುಣನೊಬ್ಬನಿದ್ದ. ಅವನೇ ಹರ್ಮನ್ ಗುಂಡರ್ಟ್. 1838ರಲ್ಲಿ ತಂಡದವಳೇ ಆದ ಜೂಲಿ ದುಬ್ವಾಳನ್ನು ಮದುವೆಯಾಗಿ ಗುಂಡರ್ಟ್ ಮಂಗಳೂರಿನ ಬಾಸೆಲ್ ಮಿಷನ್ ಸೇರಿದ. ಅಲ್ಲಿಂದ ತಲಶ್ಶೇರಿಗೆ ಹೋಗಿ ಮಲಯಾಳದ ಮಹಾನಿಘಂಟುಕಾರನಾದ. ಅದೇ ತಂಡದ ಬೌಡನ್ ಮತ್ತು ಬಿಯರ್ ದಂಪತಿಗಳು ಗೋದಾವರಿಯ ಮುಖಜ ಭೂಮಿಯಲ್ಲಿ ತೆಲುಗು ಸಭೆಗಳಿಗೆ ಬುನಾದಿ ಹಾಕಿದರು.

ಗ್ರೋವ್ಸ್ ಮಾತ್ರ ಕೋಲಾರದ ಆಚೆಯ ಚಿತ್ತೂರಿನಲ್ಲಿ ನೆಲೆಸಿದ. ಗುಡಾರ ಹೊಲಿದು ಹೊಟ್ಟೆ ಹೊರೆದ ಪೌಲನಂತೆ ತಾನೂ ಸ್ವಂತ ದುಡಿಮೆಯಿಂದ ಬದುಕಬೇಕು, ಬೋಧಕರನ್ನೂ ಸಾಕಬೇಕು ಎಂಬುದು ಅವನ ಆಸೆ. ಬೇಸಾಯ ಹೂಡಿದ, ರೇಷ್ಮೆಗೆ ಕೈಹಾಕಿದ. ಎರಡನೆಯ ಹೆಂಡತಿ ಹ್ಯಾರಿಯೆಟ್ಟಳ ಹಣ ಕರಗಿತು, ಸಾಲ ಬೆಳೆಯಿತು. ನಾಳೆಗೆಂದು ಕೂಡಿಡಬಾರದೆಂದು ಬರೆದವನು ಸಾಲಗಾರರ ಚಿಂತೆಯಲ್ಲಿ ವರ್ಷಗಳನ್ನು ಕಳೆಯಬೇಕಾಯಿತು. ಆದರ್ಶವನ್ನು ಬದುಕಲು ಹೊರಟವನಿಗೆ ಮಾರುಕಟ್ಟೆಯ ಲೆಕ್ಕ ರಿಯಾಯಿತಿ ತೋರಲಿಲ್ಲ.

ಅದಕ್ಕಿಂತ ದೊಡ್ಡ ಆಘಾತ ತವರಿನಿಂದ ಬಂತು. ಪಂಗಡಗಳ ಗೋಡೆಗಳನ್ನು ಕೆಡವಲು ಹುಟ್ಟಿದ ಬ್ರದರನ್ ಚಳವಳಿ ತಾನೇ ಗೋಡೆ ಕಟ್ಟತೊಡಗಿತ್ತು. ಯಾರೊಡನೆ ರೊಟ್ಟಿ ಹಂಚಿಕೊಳ್ಳಬೇಕು, ಯಾರೊಡನೆ ಕೂಡದು ಎಂಬ ವಿಚಾರಣೆ ಆರಂಭವಾಗಿತ್ತು. ಗ್ರೋವ್ಸ್ 1836ರಲ್ಲೇ ಗೆಳೆಯ ಜಾನ್ ನೆಲ್ಸನ್ ಡಾರ್ಬಿಗೆ ದೀರ್ಘವಾದ ಪತ್ರ ಬರೆದು ಎಚ್ಚರಿಸಿದ್ದ. ಅಭಿಪ್ರಾಯದ ಏಕರೂಪಕ್ಕಿಂತ ಜೀವಂತ ವಿಶ್ವಾಸವೇ ಕೂಟದ ಆಧಾರವಾಗಬೇಕು ಎಂಬುದು ಅವನ ನಿಲುವು. ಅವನ ಮಾತು ನಡೆಯಲಿಲ್ಲ. 1848ರಲ್ಲಿ ಚಳವಳಿ ಇಬ್ಭಾಗವಾಯಿತು. ಡಾರ್ಬಿ ಒಂದು ಕಡೆ. ಬ್ರಿಸ್ಟಲ್ಲಿನಲ್ಲಿ ಅನಾಥಾಲಯಗಳನ್ನು ನಡೆಸುತ್ತಿದ್ದ ಗ್ರೋವ್ಸನ ಭಾವ ಜಾರ್ಜ್ ಮುಲ್ಲರ್ ಇನ್ನೊಂದು ಕಡೆ. ಗ್ರೋವ್ಸ್ ಮುಕ್ತ ಪಂಗಡದ ಜೊತೆಗೇ ಉಳಿದ. ಕಾಯಿಲೆಯಿಂದ ಬಳಲಿ ಇಂಗ್ಲೆಂಡಿಗೆ ಮರಳಿದ ಅವನು 1853ರ ಮೇ 20ರಂದು ಮುಲ್ಲರನ ಮನೆಯಲ್ಲಿ ಕಣ್ಣುಮುಚ್ಚಿದ.

ಮೂಲಕ್ಕೆ ಮರಳಬೇಕೆನ್ನುವ ಪ್ರತಿಯೊಂದು ಧಾರ್ಮಿಕ ಚಳವಳಿಯೂ ಒಂದಲ್ಲ ಒಂದು ದಿನ ಈ ಕವಲುದಾರಿಗೆ ಬರುತ್ತದೆ. ಮೂಲದ ಶುದ್ಧಿಯನ್ನು ಕಾಯುವ ನೆಪದಲ್ಲಿ ಬಾಗಿಲು ಮುಚ್ಚಬಹುದು. ಮೂಲದ ಔದಾರ್ಯವನ್ನು ನೆನೆದು ತೆರೆದೂ ಇಡಬಹುದು. ಗ್ರೋವ್ಸ್ ಎರಡನೆಯದನ್ನು ಆರಿಸಿಕೊಂಡ. ಅವನ ರೇಷ್ಮೆ ಬೇಸಾಯ ಸೋತಿತು, ಅವನ ಎಚ್ಚರಿಕೆಗೆ ಬೆಲೆ ಸಿಗಲಿಲ್ಲ. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಬಖ್ತ್ ಸಿಂಗ್ ಕಟ್ಟಿದ ಸಭೆಗಳೂ ಸೇರಿದಂತೆ ದಕ್ಷಿಣ ಭಾರತದಲ್ಲಿ ಪರದೇಶದ ಮಿಷನ್ನಿನ ಹಂಗಿಲ್ಲದೆ, ದೀಕ್ಷೆ ಪಡೆದ ಪಾದ್ರಿಯಿಲ್ಲದೆ ನಡೆದುಬಂದ ಕೂಟಗಳು ಅನೇಕ. ಅಲ್ಲಿ ರೊಟ್ಟಿ ಮುರಿಯುವವರು ಆಯಾ ಊರಿನ ಸಾಮಾನ್ಯ ವಿಶ್ವಾಸಿಗಳೇ. ಎರಡು ಶತಮಾನಗಳ ಹಿಂದೆ ಎಕ್ಸೆಟರಿನ ದಂತವೈದ್ಯ ತನಗೆ ಇಲ್ಲವೆನಿಸಿಕೊಂಡ ಹಕ್ಕು ಅದೇ ಆಗಿತ್ತು.