ಪುಟಕ್ಕೆ ಹತ್ತು ಸೂ

ರೂಸೋ ಅಂದ ಕೂಡಲೇ ನಮಗೆಲ್ಲ ಹೈಸ್ಕೂಲಿನ ಫ್ರೆಂಚ್ ಕ್ರಾಂತಿ ಪಾಠ ನೆನಪಾಗುತ್ತೆ. ಆದರೆ ಈ ಮನುಷ್ಯ ಹೊಟ್ಟೆಪಾಡಿಗೆ ಮಾಡುತ್ತಿದ್ದದ್ದು ಸಂಗೀತದ ಹಾಳೆಗಳನ್ನು ಕೈಯಲ್ಲಿ ನಕಲು ಮಾಡೋ ಕೆಲಸ.

1712ರಲ್ಲಿ ಜಿನೀವಾದ ಗಡಿಯಾರ ತಯಾರಕನೊಬ್ಬನ ಮಗನಾಗಿ ಹುಟ್ಟಿದ ರೂಸೋ, 1742ರಲ್ಲಿ ಪ್ಯಾರಿಸ್ಸಿಗೆ ಬಂದ. ಸ್ವರಗಳನ್ನು ಐದು ಗೆರೆಗಳ ಬದಲು 1ರಿಂದ 7ರ ಅಂಕಿಗಳಲ್ಲಿ ಬರೆಯೋ ಪದ್ಧತಿಯನ್ನು ವಿಜ್ಞಾನ ಅಕಾಡೆಮಿಯ ಮುಂದಿಟ್ಟ. ನಡೆಯಲಿಲ್ಲ. ಗೆರೆ ಮೇಲಿನ ಸ್ವರದ ಏರಿಳಿತ ಕಣ್ಣಿಗೇ ಕಾಣುತ್ತೆ, ಅಂಕಿಯನ್ನು ಮನಸ್ಸಲ್ಲಿ ಬಿಡಿಸಬೇಕು ಅಂತ ಸಂಗೀತಗಾರ ರಾಮೋ ತಕರಾರು ತೆಗೆದ. ನ್ಯಾಯವಾದ ತಕರಾರೇ ಅನ್ನಿ.

ಮುಂದೆ ಸಾಹುಕಾರ ಅಧಿಕಾರಿಯೊಬ್ಬನ ಹತ್ತಿರ ಖಜಾಂಚಿ ಕೆಲಸ ಸಿಕ್ಕಿತು. ಅದನ್ನೂ ಬಿಟ್ಟು ಪುಟಕ್ಕಿಷ್ಟು ಅಂತ ನಕಲು ಶುರುಮಾಡಿದ. ಜೆರಾಕ್ಸ್ ಇಲ್ಲದ ಕಾಲ, ಒಬ್ಬೊಬ್ಬ ವಾದಕನ ಹಾಳೆಯನ್ನೂ ಬೇರೆಬೇರೆಯಾಗಿ ಬರೆಯಬೇಕಿತ್ತು. 1752ರಲ್ಲಿ ಅವನ ಒಪೆರಾ ಲೂಯಿ ದೊರೆಗೆ ಹಿಡಿಸಿ ಪಿಂಚಣಿಯ ಮಾತು ಬಂದಾಗ, ದೊರೆಯನ್ನು ಕಾಣಲಿಕ್ಕೇ ಹೋಗಲಿಲ್ಲ. ಯಾರ ಋಣವೂ ಬೇಡ ಅನ್ನೋ ಹಟ.

ಈಗ ರೇಟಿನ ವಿಷಯಕ್ಕೆ ಬರೋಣ. 1770ರಲ್ಲಿ ಪ್ಯಾರಿಸ್ಸಿಗೆ ಮರಳಿದ ಮೇಲೆ ಅವನ ದರ ಪುಟಕ್ಕೆ 10 ಸೂ, ಅಂದ್ರೆ ಅರ್ಧ ಲೀವ್ರ್. ಆರು ವರ್ಷದಲ್ಲಿ 6,000 ಪುಟ ದಾಟಿಸಿದೆ ಅಂತ ಅವನೇ ಲೆಕ್ಕ ಕೊಟ್ಟಿದ್ದಾನೆ. ಭಾಗಿಸಿ ನೋಡಿದ್ರೆ ವರ್ಷಕ್ಕೆ ಹೆಚ್ಚುಕಡಿಮೆ 500 ಲೀವ್ರ್. ಹಾರ್ಪ್‌, ಕೀಬೋರ್ಡ್‌ ಸಂಗೀತದ ಪುಟಗಳಲ್ಲಿ ಸ್ವರಗಳು ಒತ್ತೊತ್ತಾಗಿ ತುಂಬಿರುತ್ತವೆ, ಸಮಯ ಜಾಸ್ತಿ ತಿನ್ನುತ್ತವೆ. ಪುಟದ ಲೆಕ್ಕದಲ್ಲಿ ರೇಟ್ ಕಟ್ಟಿದವನಿಗೆ ಇದು ನಷ್ಟದ ಬಾಬ್ತು.

ಇನ್ನೊಂದು ನಷ್ಟ ಅವನದೇ ಕೈಯಿಂದ. ಬರೆಯೋದಕ್ಕಿಂತ ತಪ್ಪನ್ನು ಕೆರೆದು ತೆಗೆಯೋದಕ್ಕೇ ಹೆಚ್ಚು ಹೊತ್ತು ಹೋಗುತ್ತೆ, ತನಗೆ ಇಷ್ಟು ಒಗ್ಗದ ಕಸುಬು ಬೇರೆ ಇಲ್ಲ ಅಂತ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ. ಆ ಗಂಟೆಗಳಿಗೆ ಯಾರೂ ಕಾಸು ಕೊಡೋದಿಲ್ಲ. ಫ್ರೀಲಾನ್ಸ್ ಕೋಡಿಂಗ್ ಮಾಡಿ ರಾತ್ರಿಯೆಲ್ಲ ಬಗ್ ಹುಡುಕೋ ನಮ್ಮ ಗೆಳೆಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದ್ರೆ ಗಿರಾಕಿಗಳು ಯಾಕೆ ಬರುತ್ತಿದ್ದರು? ಬಹಳ ಜನ ಹೆಸರಾಂತ ಲೇಖಕನ ಮುಖ ನೋಡೋಕೆ. ನಕಲು ಬರೀ ನೆಪ. ಉಡುಗೊರೆ ಕಳಿಸಿದರೆ ಸಿಟ್ಟಾಗುತ್ತಿದ್ದ. ನಮಗನ್ನಿಸೋದು, ಆ ಹತ್ತು ಸೂನಲ್ಲಿ ಒಂದಿಷ್ಟು ಅವನ ಹೆಸರಿಗೇ ಸಂದ ಬೆಲೆ. ಅವನಿಗೂ ಅದು ಗೊತ್ತಿತ್ತು, ಚುಚ್ಚುತ್ತಲೂ ಇತ್ತು. ಆದರೂ 1778ರಲ್ಲಿ ತೀರಿಕೊಳ್ಳೋ ಹಿಂದಿನ ವರ್ಷದವರೆಗೆ ಕೆಲಸ ಬಿಡಲಿಲ್ಲ.