ಅಸ್ಸಿಸಿಯ ಫ್ರಾನ್ಸಿಸನು

ಇಟಲಿ ದೇಶದ ಅಸ್ಸಿಸಿ ಎಂಬ ಊರಿನಲ್ಲಿ, ಸುಮಾರು 1181ರಲ್ಲಿ, ಧನಿಕನಾದ ಬಟ್ಟೆಯ ವರ್ತಕನ ಮಗನಾಗಿ ಫ್ರಾನ್ಸಿಸನು ಜನಿಸಿದನು. ಯೌವನದಲ್ಲಿ ಭೋಗಪ್ರಿಯನಾಗಿದ್ದ ಅವನು ಯುದ್ಧದಲ್ಲಿ ಸೆರೆಸಿಕ್ಕಿ, ರೋಗದಿಂದ ಬಳಲಿ, ಕಡೆಗೆ ತಂದೆಯ ಆಸ್ತಿಯನ್ನೆಲ್ಲಾ ತ್ಯಜಿಸಿ ಬಡತನವನ್ನು ಕೈಕೊಂಡನು. ಸೃಷ್ಟಿಯಲ್ಲೆಲ್ಲಾ ಸೃಷ್ಟಿಕರ್ತನನ್ನು ಕಂಡು, ಪಶುಪಕ್ಷಿಗಳನ್ನು ಒಡಹುಟ್ಟಿದವರೆಂದು ಕರೆದನು.

ಕರ್ತನ ಆಗಮನಕಾಲವು ಅವನಿಗೆ ಅತಿ ಪ್ರಿಯವಾಗಿತ್ತು. ನವೆಂಬರ್ ಮೊದಲಿನಿಂದ ಕ್ರಿಸ್ಮಸ್ಸಿನವರೆಗೆ ಉಪವಾಸವಿರಬೇಕೆಂದು 1223ರ ನಿಯಮದಲ್ಲಿ ತನ್ನ ಸಹೋದರರಿಗೆ ವಿಧಿಸಿದನು. ಆ ವರ್ಷದ ಕ್ರಿಸ್ಮಸ್ ರಾತ್ರಿ, ಗ್ರೆಚ್ಚಿಯೋ ಎಂಬ ಬೆಟ್ಟದೂರಿನಲ್ಲಿ ಗೋದಲಿಯನ್ನು ಸಿದ್ಧಪಡಿಸಿ, ಹುಲ್ಲು ಹಾಸಿ, ಎತ್ತನ್ನೂ ಕತ್ತೆಯನ್ನೂ ತರಿಸಿ ನಿಲ್ಲಿಸಿದನು. ಊರವರು ಪಂಜುಗಳನ್ನು ಹಿಡಿದು ಬಂದು ಆನಂದಿಸಿದರು.

ಅನಂತರ ಅವನ ಕಣ್ಣುಗಳು ಬಹುಮಟ್ಟಿಗೆ ಕುರುಡಾದವು, ಬೆಳಕೇ ವೇದನೆಯಾಯಿತು. ಅಂಥ ಕತ್ತಲೆಯಲ್ಲಿ, 1225ರಲ್ಲಿ, ಸೂರ್ಯ, ಚಂದ್ರ, ಗಾಳಿ, ನೀರು, ಬೆಂಕಿ, ಭೂಮಿ ಇವುಗಳನ್ನು ಹೆಸರಿಸಿ ದೇವರನ್ನು ಕೊಂಡಾಡುವ ಗೀತವನ್ನು ತನ್ನ ನಾಡುನುಡಿಯಲ್ಲಿ ರಚಿಸಿದನು. 1226ರ ಅಕ್ಟೋಬರ್ 3ರಂದು ದೇಹವನ್ನು ಬಿಟ್ಟನು.

ಪ್ರಿಯ ವಿದ್ಯಾರ್ಥಿನಿಯರೇ, ಆಗಮನಕಾಲವೆಂದರೆ ಕತ್ತಲೆಯಲ್ಲಿದ್ದು ಬೆಳಕನ್ನು ಎದುರುನೋಡುವ ಕಾಲವು. ಸೂರ್ಯನನ್ನು ನೋಡಲಾರದವನು ಸೂರ್ಯನಿಗಾಗಿ ಸ್ತೋತ್ರಮಾಡಿದನು. ಕಣ್ಣುಳ್ಳ ನಾವು ಮುಂಜಾನೆಯ ಮಂಜನ್ನೂ ಹೊಲದ ತೆನೆಯನ್ನೂ ಕಂಡು ಸ್ತೋತ್ರವಿಲ್ಲದೆ ಇರಬಹುದೇ?